ಮೊಮ್ಮಗ ಅಜ್ಜನ ಉಳಿ ಹಿಡಿದಾಗ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು, ಲೈನ್‌ಮ್ಯಾನ್ ಕೆಲಸದಲ್ಲಿದ್ದೇನೆ. ನಮ್ಮಪ್ಪ ಬಡಿಗೇರರು. ವಯಸ್ಸು 74 ಆದರೂ ಹಿತ್ತಿಲ ಚಪ್ಪರದಲ್ಲಿ ಇನ್ನೂ ಕೆಲಸ ಮಾಡುತ್ತಾರೆ. ನಾನು ಸಣ್ಣವನಿದ್ದಾಗ ಉಳಿ ಮುಟ್ಟಿದರೆ ಸಾಕು, ಕೈಯಿಂದ ಕಿತ್ತುಕೊಂಡು ‘ನಿನಗ ಇದು ಬ್ಯಾಡ, ಹೋಗಿ ಓದು’ ಅನ್ನುತ್ತಿದ್ದರು. ಈಗ ನನ್ನ ಮಗ ಎಸ್ಸೆಸ್ಸೆಲ್ಸಿಯಲ್ಲಿ 88 ಪರ್ಸೆಂಟ್ ತೆಗೆದು, ಪಿಯುಸಿ ಸೈನ್ಸ್ ಬೇಡ, ಅಜ್ಜನ ಬಡಿಗತನ ಕಲಿಯುತ್ತೇನೆ ಎಂದು ಕೂತಿದ್ದಾನೆ. ಅವನ ತಾಯಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನೆಂಟರೆಲ್ಲ ‘ರಕ್ತದಾಗ ಬಂದದ್ದು ಎಲ್ಲಿ ಹೋಗ್ತದ’ ಅನ್ನುತ್ತಾರೆ. ಕಸುಬು ರಕ್ತದಲ್ಲಿ ಬರುವುದು ನಿಜವೇ ಮೇಡಂ? ನಾವು ಬೆಳೆಸಿದ್ದರಲ್ಲೇ ಏನಾದರೂ ತಪ್ಪಾಯಿತೇ? ಏಳನೇ ತರಗತಿಯ ಮಗಳೂ ಅಜ್ಜನ ಹತ್ತಿರವೇ ಇರುತ್ತಾಳೆ, ಆದರೆ ಅವಳದು ಆಟ. ಮಗನ ವಿಚಾರದಲ್ಲಿ ದಾರಿ ತೋರಿಸಿ.

ಉತ್ತರ:

ನಮಸ್ಕಾರ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ, ಅಲ್ಲಿಂದಲೇ ಶುರು ಮಾಡುತ್ತೇನೆ. ಕಸುಬು ರಕ್ತದಲ್ಲಿ ಹರಿದು ಬರುವಂಥದ್ದಾಗಿದ್ದರೆ ಅದು ಮೊದಲು ನಿಮಗೆ ಬರಬೇಕಿತ್ತು. ಬರಲಿಲ್ಲ. ನಿಮ್ಮದೂ ಅದೇ ರಕ್ತ, ನಿಮ್ಮ ಮಗನದೂ ಅದೇ. ಬದಲಾದದ್ದು ಅಜ್ಜನ ಕೈ. ನಿಮ್ಮಿಂದ ಉಳಿ ಕಿತ್ತುಕೊಂಡ ಕೈಯೇ ಮೊಮ್ಮಗನಿಗೆ ಉಳಿ ಕೊಟ್ಟಿದೆ. ನಿಮ್ಮನ್ನು ಬೆಳೆಸುವಾಗ ಅವರಿಗೆ ಹೊಟ್ಟೆಪಾಡಿನ ಚಿಂತೆ ಇದ್ದಿರಬೇಕು, ಮಗನಾದರೂ ತಿಂಗಳ ಸಂಬಳ ಕಾಣಲಿ ಎಂದು ಗಟ್ಟಿ ಮನಸ್ಸು ಮಾಡಿರಬೇಕು. ಮೊಮ್ಮಗ ಹುಟ್ಟುವ ಹೊತ್ತಿಗೆ ಮನೆಗೆ ನಿಮ್ಮ ಸಂಬಳ ಬರುತ್ತಿತ್ತು. ತಮ್ಮ ಕಸುಬನ್ನು ಹೆದರಿಕೆ ಇಲ್ಲದೆ ತೋರಿಸುವ ಪುರುಸೊತ್ತು ಅವರಿಗೆ ಆಗ ಸಿಕ್ಕಿತು ಎಂದು ನನ್ನ ಊಹೆ. ಆ ಪುರುಸೊತ್ತು ಕೊಟ್ಟವರು ನೀವು.

ಮನೆ ಕಸುಬು ಕಲಿಸುವ ರೀತಿಯೇ ಬೇರೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗನನ್ನು ತಾಯಿ ನನ್ನ ಬಳಿ ಕರೆತಂದಿದ್ದರು. ತಾಯಿ ಬಂದವರೇ ಕುಳಿತರು. ಹುಡುಗ ಕೂರುವ ಮೊದಲು ನನ್ನ ಮೇಜಿನ ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದ. ಮೂಲೆ ಹತ್ತಿರ ಬೆರಳು ನಿಂತಿತು. ಅಲ್ಲಿ ಸನ್ಮೈಕಾ ಕೂದಲೆಳೆಯಷ್ಟು ಎದ್ದಿತ್ತು. ಆರು ವರ್ಷದಿಂದ ಅದೇ ಮೇಜಿನ ಮುಂದೆ ಕೂರುತ್ತಿದ್ದ ನನಗೆ ಅದು ಕಂಡಿರಲಿಲ್ಲ. ಹುಡುಗನ ಚಿಕ್ಕಪ್ಪನದು ಫರ್ನಿಚರ್ ಕೆಲಸ ಎಂದು ಆಮೇಲೆ ತಿಳಿಯಿತು. ಮರವನ್ನು ಹೀಗೆ ಮುಟ್ಟಿ ನೋಡಬೇಕೆಂದು ಅವನಿಗೆ ಯಾರೂ ಪಾಠ ಮಾಡಿರಲಿಲ್ಲ. ಚಿಕ್ಕಪ್ಪ ಮುಟ್ಟುವುದನ್ನು ಮೂರನೇ ವರ್ಷದಿಂದ ನೋಡಿದ್ದ, ಅಷ್ಟೇ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದ್ಯೂ ಇಂಥದ್ದಕ್ಕೆ ‘ಹ್ಯಾಬಿಟಸ್’ ಎಂಬ ಪದ ಬಳಸಿದರು. ನಮ್ಮಲ್ಲಿ ‘ಮೈಗೂಡಿದ್ದು’ ಎಂಬ ಮಾತು ಮೊದಲಿಂದಲೂ ಇದೆ. ನಿಮ್ಮ ನೆಂಟರು ರಕ್ತ ಎನ್ನುತ್ತಿರುವುದು ಇದನ್ನೇ.

ದೊಡ್ಡ ಲೆಕ್ಕದಲ್ಲೂ ಇದೇ ಕಾಣುತ್ತದೆ. ಅಮೆರಿಕದಲ್ಲಿ ಸುಮಾರು 12 ಲಕ್ಷ ಪೇಟೆಂಟುದಾರರ ವಿವರ ಜಾಲಾಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಹೊಸದನ್ನು ಕಂಡುಹಿಡಿಯುವ ಜನ ಹೆಚ್ಚಿರುವ ಊರಿನಲ್ಲಿ ಬೆಳೆದ ಮಕ್ಕಳು ಮುಂದೆ ತಾವೂ ಅದೇ ದಾರಿ ಹಿಡಿಯುವುದು ಹೆಚ್ಚು. ಸುತ್ತಲಿನವರು ಯಾವ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದರೋ ಅದೇ ಕ್ಷೇತ್ರಕ್ಕೆ ಮಕ್ಕಳೂ ಹೋಗಿದ್ದರು. ಬೇರೆ ಕಡೆಯಿಂದ ಚಿಕ್ಕಂದಿನಲ್ಲಿ ಆ ಊರಿಗೆ ವಲಸೆ ಬಂದ ಮಕ್ಕಳಲ್ಲೂ ಹಾಗೇ ಆಯಿತು. ಊರು ಬದಲಾದರೆ ರಕ್ತ ಬದಲಾಗುವುದಿಲ್ಲ, ಕಣ್ಣಿಗೆ ಬೀಳುವುದು ಬದಲಾಗುತ್ತದೆ.

ಇನ್ನು ‘ಬೆಳೆಸಿದ್ದರಲ್ಲಿ ತಪ್ಪಾಯಿತೇ’ ಎಂಬ ನಿಮ್ಮ ಸಂಕಟ. ತಂದೆತಾಯಿಯ ಪ್ರೀತಿಯ ಅಳತೆಗೂ ಮಗುವಿನ ವೃತ್ತಿಗೂ ನೇರ ಗಂಟು ಹಾಕಿದವರು ಹಿಂದೆ ಇದ್ದರು. ಆ್ಯನ್ ರೋ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1956ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಬೆಚ್ಚಗಿನ ಮನೆಯ ಮಕ್ಕಳು ಜನರೊಡನೆ ಒಡನಾಡುವ ವೃತ್ತಿಗೆ ಒಲಿಯುತ್ತಾರೆ, ತಣ್ಣಗಿನ ಮನೆಯವರು ವಸ್ತುಗಳ ಜೊತೆಗಿನ ವೃತ್ತಿಗೆ ಎಂಬುದು ಅದರ ಸಾರ. ಓದಲು ಚೆಂದ, ಆದರೆ ಆಮೇಲೆ ಪರೀಕ್ಷಿಸಿ ನೋಡಿದವರಿಗೆ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಮಗ ಮರದ ಜೊತೆ ಕೂರುತ್ತಾನೆಂದರೆ ಮನೆಯಲ್ಲಿ ಪ್ರೀತಿ ಕಡಿಮೆಯಾಗಿತ್ತು ಎಂದು ಅರ್ಥವಲ್ಲ. ದಯವಿಟ್ಟು ಆ ಭಾರ ಇಳಿಸಿಬಿಡಿ, ನಿಮ್ಮ ಮನೆಯವರಿಗೂ ಹೇಳಿ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಮೆಲ್ವಿನ್ ಕಾನ್ ಎಂಬ ಸಮಾಜಶಾಸ್ತ್ರಜ್ಞರ ಕೆಲಸ. ತಂದೆ ದಿನವಿಡೀ ಎಂಥ ಕೆಲಸ ಮಾಡುತ್ತಾನೋ ಆ ಕೆಲಸ ಬೇಡುವ ಗುಣವನ್ನೇ ಮನೆಯಲ್ಲಿ ಮಕ್ಕಳಿಂದಲೂ ಬಯಸುತ್ತಾನೆ ಎಂದು ಅವರು 1960ರ ದಶಕದಲ್ಲಿ ತೋರಿಸಿದರು. ನಿಮ್ಮ ಕೆಲಸವನ್ನೇ ನೋಡಿ. ಎಲ್‌ಸಿ, ಅಂದರೆ ಲೈನಿನಲ್ಲಿ ಕರೆಂಟ್ ನಿಲ್ಲಿಸಿದ್ದಾರೆಂಬ ಅನುಮತಿ, ತೆಗೆದುಕೊಳ್ಳದೆ ಕಂಬ ಹತ್ತುವ ಹಾಗಿಲ್ಲ. ‘ಒಮ್ಮೆ ಮುಟ್ಟಿ ನೋಡೋಣ’ ಅನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ, ಹಾಗೆ ಮಾಡಿದರೆ ಜೀವ ಹೋಗುತ್ತದೆ. ಹೇಳಿದ್ದನ್ನು ಹೇಳಿದಂತೆ ಮಾಡುವುದೇ ನಿಮ್ಮನ್ನು ಇಷ್ಟು ವರ್ಷ ಉಳಿಸಿದೆ. ಮಗ ಹೇಳಿದ ಮಾತು ಕೇಳದಿದ್ದಾಗ ನಿಮ್ಮ ಎದೆ ಹೊಡೆದುಕೊಳ್ಳುವುದು ಸಹಜ. ಅಜ್ಜನ ಚಪ್ಪರದ ನಿಯಮ ಬೇರೆ. ಅಲ್ಲಿ ಒಂದು ಹಲಗೆ ಕೆಟ್ಟರೆ ಇನ್ನೊಂದು ಹಲಗೆ ಇದೆ. ತಪ್ಪು ಮಾಡಿ ಕಲಿಯುವುದಕ್ಕೆ ಅಲ್ಲಿ ಬಿಡುತ್ತಾರೆ. ನಿಮ್ಮ ಮಗ ಎರಡು ಬಗೆಯ ಪಾಲನೆಯಲ್ಲಿ ಬೆಳೆದಿದ್ದಾನೆ. ಅದರಲ್ಲಿ ಒಂದು ತಪ್ಪು, ಒಂದು ಸರಿ ಎಂದು ನಾನು ಹೇಳಲಾರೆ.

ನಮ್ಮ ಧಾರವಾಡದ ಕಡೆಯ ಹಾಡುಗಾರರ ಮನೆಗಳನ್ನು ನೋಡಿದರೆ ಈ ವಿಷಯ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕುಂದಗೋಳ ನಿಮಗೆ ದೂರವೇನಲ್ಲ. ಅಲ್ಲಿದ್ದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಮನೆಗೆ ಕಲಿಯಲು ಬಂದ ಇಬ್ಬರನ್ನು ನೆನೆಯಿರಿ.

ನಿಮ್ಮ ಜಿಲ್ಲೆಯ ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿ 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಬಲ್ಲವರು. ಹಾಡು ಮನೆಯಲ್ಲೇ ಇತ್ತು. ಹಾಡುವ ಹೆಣ್ಣಿಗೆ ಸಮಾಜ ಮಾಡುತ್ತಿದ್ದ ಹೀಯಾಳಿಕೆಯೂ ಆ ಮನೆಗೆ ಗೊತ್ತಿತ್ತು. ಮಗಳ ಒಲವು ಹಿಂದೂಸ್ತಾನಿ ಕಡೆ ಎಂದು ಕಂಡಾಗ, ತನ್ನ ಪದ್ಧತಿಯ ಛಾಯೆ ಮಗಳ ಗಂಟಲಿಗೆ ಬೀಳಬಾರದೆಂದು ಆ ತಾಯಿ ತಾನು ಹಾಡುವುದನ್ನೇ ನಿಲ್ಲಿಸಿದರು. ಈ ಸಂಗತಿಯನ್ನು ನಾನು ಎಷ್ಟು ಜನ ಪೋಷಕರಿಗೆ ಹೇಳಿದ್ದೇನೋ ಲೆಕ್ಕವಿಲ್ಲ, ಹೇಳುವಾಗ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಮಗಳಿಗೆ ಸಂಗೀತದ ಕಿವಿ ಕೊಟ್ಟವರು ತಾಯಿ. ಆ ಕಿವಿ ಬೇರೆ ದಾರಿ ಹಿಡಿದಾಗ ಹಿಂದೆ ಸರಿದು ಜಾಗ ಬಿಟ್ಟವರೂ ತಾಯಿಯೇ. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಹೋಗುತ್ತಿದ್ದರು.

ಇನ್ನೊಬ್ಬರು ಭೀಮಸೇನ ಜೋಶಿ, 1922ರಲ್ಲಿ ಹುಟ್ಟಿದವರು. ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ಹುಡುಗ ಮೆರವಣಿಗೆಯ ಹಿಂದೆ, ಭಜನೆಯ ಹಿಂದೆ ಹೋಗಿ ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದ. ಹುಡುಕಿ ಸುಸ್ತಾದ ತಂದೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರು. ಸಿಕ್ಕವರು ಮನೆಗೆ ತಂದು ಬಿಡುತ್ತಿದ್ದರು. 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಹುಡುಗ ಮನೆ ಬಿಟ್ಟೇ ಹೋದ. ತಂದೆ ಕೊನೆಗೆ ಜಲಂಧರದಲ್ಲಿ ಪತ್ತೆ ಹಚ್ಚಿ ಕರೆತಂದರು. ಮಾಸ್ತರರ ಮನೆಯಿಂದ ಗವಾಯಿ ಬಂದ, ಮನೆಯ ಪ್ರಭಾವವೇ ಇಲ್ಲ ಎಂದು ಇದನ್ನು ಉದಾಹರಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಾಯಿ ಹಾಡುತ್ತಿದ್ದ ಭಜನೆ ಆ ಮಗುವಿನ ಕಿವಿಯಲ್ಲಿ ಮೊದಲೇ ಇತ್ತು. ತಂದೆಯೂ ಓಡಿಹೋದವನನ್ನು ಕರೆತಂದು ಶಾಲೆಯ ಬೆಂಚಿಗೆ ಕಟ್ಟಿಹಾಕಲಿಲ್ಲ. 1936ರಿಂದ ಆ ಹುಡುಗ ಸವಾಯಿ ಗಂಧರ್ವರ ಬಳಿ ಕಲಿತ. ಅಂಗಿಯ ಮೇಲೆ ಹೆಸರು ಬರೆದು ಬಿಟ್ಟ ಅಪ್ಪನ ಬಗ್ಗೆ ಯೋಚಿಸಿ. ತಿರುಗಾಟ ನಿಲ್ಲಿಸಲಾಗದಿದ್ದರೂ ಮಗ ಮನೆಗೆ ಮರಳುವ ದಾರಿಯನ್ನು ಅವನ ಅಂಗಿಯ ಮೇಲೆಯೇ ಬರೆದುಕೊಟ್ಟಿದ್ದರು.

ಇನ್ನೊಬ್ಬ ದೊಡ್ಡ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ ರೈತರ ಮನೆ. ಅಣ್ಣನ ನಾಟಕ ಕಂಪನಿಯಿಂದ ಅವರಿಗೆ ಬಾಗಿಲು ತೆರೆಯಿತು. ಅವರ ಮಗ ರಾಜಶೇಖರ ಮನ್ಸೂರರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದೂ ತಂದೆಯ ಗಾಯನವನ್ನು ಕೊನೆತನಕ ಉಳಿಸಿಕೊಂಡರು. ಈ ಮಾತನ್ನು ನಿಮ್ಮ ಮಗನಿಗಾಗಿ ಬರೆಯುತ್ತಿದ್ದೇನೆ, ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ಮನೆಯವರ ಊಟ ಬಿಟ್ಟ ಸಂಗತಿ. ಅವರ ಹೆದರಿಕೆಯನ್ನು ಹೆಣ್ಣುಮಕ್ಕಳ ಅಳು ಎಂದು ತಳ್ಳಿಹಾಕಬೇಡಿ. ಅದರ ಹಿಂದೆ ನಮ್ಮ ದೇಶದ ಒಂದು ದೊಡ್ಡ ಗಾಯ ಇದೆ. ಕುಲಕಸುಬು ಎಂಬ ಮಾತು ಕೇಳಲು ಹಿತವಾಗಿದ್ದರೂ ಶತಮಾನಗಳ ಕಾಲ ಅದು ಬೀಗವೂ ಆಗಿತ್ತು. ಜಾತಿ ಎಂದರೆ ಬರೀ ಕೆಲಸದ ವಿಂಗಡಣೆಯಲ್ಲ, ಕೆಲಸಗಾರರ ವಿಂಗಡಣೆ ಎಂದು ಅಂಬೇಡ್ಕರ್ 1936ರಲ್ಲಿ ಬರೆದರು. ಆಗಿನ ಮದ್ರಾಸ್ ರಾಜ್ಯದಲ್ಲಿ 1953ರಲ್ಲಿ ಮುಖ್ಯಮಂತ್ರಿ ರಾಜಾಜಿ ಹಳ್ಳಿ ಶಾಲೆಗಳಿಗೊಂದು ಯೋಜನೆ ತಂದರು. ನಮ್ಮ ಮಂಗಳೂರು, ಉಡುಪಿ ಸೀಮೆಯೂ ಆಗ ಅದೇ ರಾಜ್ಯದಲ್ಲಿತ್ತು. ದಿನಕ್ಕೆ ಮೂರು ತಾಸು ಶಾಲೆ, ಉಳಿದ ಹೊತ್ತು ತಂದೆತಾಯಿಯ ಕಸುಬು ಕಲಿಯುವುದು. ಬಡಿಗನ ಮಗ ಬಡಿಗನಾಗಿ, ಅಗಸನ ಮಗ ಅಗಸನಾಗಿಯೇ ಉಳಿಯಬೇಕೇ ಎಂದು ಜನ ಸಿಡಿದೆದ್ದರು. ಮರುವರ್ಷ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜರು ಬಂದು ಯೋಜನೆಯನ್ನೇ ಕೈಬಿಟ್ಟರು. ನಿಮ್ಮ ತಂದೆ ನಿಮ್ಮ ಕೈಯಿಂದ ಉಳಿ ಕಿತ್ತುಕೊಂಡದ್ದು ಆ ಸಿಟ್ಟಿನ ಮನೆಮಟ್ಟದ ರೂಪ. ಮೂರು ತಲೆಮಾರು ಹಟ ಹಿಡಿದು ತೆರೆದ ಬಾಗಿಲನ್ನು ಮಗ ತಾನೇ ಮುಚ್ಚಿಕೊಳ್ಳುತ್ತಿದ್ದಾನೆಯೇ ಎಂಬುದು ನಿಮ್ಮ ಮನೆಯವರ ಕಳವಳ. ನ್ಯಾಯವಾದ ಕಳವಳ ಅದು.

ಅದಕ್ಕೇ ಹುಡುಗನ ಆಸೆ ಎಲ್ಲಿಂದ ಬಂತು ಎಂದು ಅಗೆಯುತ್ತ ಕೂರುವುದರಲ್ಲಿ ಫಲವಿಲ್ಲ. ಎಲ್ಲರ ಆಸೆಯೂ ಎಲ್ಲಿಂದಲೋ ಬಂದದ್ದೇ. ಆ ಆಸೆಯನ್ನು ಅವನು ಒರೆಗೆ ಹಚ್ಚಿ ನೋಡಿದ್ದಾನೆಯೇ ಎಂದು ಕೇಳಬೇಕು. ಕೆನಡಾದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ 1966ರಲ್ಲಿ ಹದಿಹರೆಯದವರ ನಿರ್ಧಾರಗಳನ್ನು ನಾಲ್ಕು ಬಗೆಯಾಗಿ ನೋಡಿದರು. ಅದರಲ್ಲೊಂದು, ಏನನ್ನೂ ಹುಡುಕದೆ, ಬೇರೆಯದನ್ನು ನೋಡದೆ, ಮನೆಯವರು ತೋರಿಸಿದ್ದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುವುದು. ನಿಮ್ಮ ಮಗ ಅಜ್ಜನ ಚಪ್ಪರ ಬಿಟ್ಟು ಬೇರೆ ಏನನ್ನೂ ನೋಡಿಲ್ಲವಾದರೆ ಅವನದು ಅಂಥ ನಿರ್ಧಾರ. ಆದರೆ ಗೆಳೆಯರೆಲ್ಲ ಹೋದರು, ಅಮ್ಮ ಹೇಳಿದರು ಎಂದು ಸೈನ್ಸ್ ತೆಗೆದುಕೊಳ್ಳುವ ಸಾವಿರಾರು ಮಕ್ಕಳದೂ ಅಂಥದ್ದೇ. ಅವರ ಬಗ್ಗೆ ಯಾವ ಅಪ್ಪನೂ ನನಗೆ ಪತ್ರ ಬರೆಯುವುದಿಲ್ಲ. ನನ್ನ ಅನುಭವದಲ್ಲಿ ಹೆಚ್ಚು ನೋವು ತಿಂದು ಮರಳಿ ಬರುವವರು ಆ ಮಕ್ಕಳು, ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ.

ಒರೆಗೆ ಹಚ್ಚುವುದು ಹೇಗೆ? ಮೊದಲು ಅವನು ಪ್ರೀತಿಸುವುದು ಅಜ್ಜನನ್ನೋ ಕೆಲಸವನ್ನೋ ತಿಳಿಯಬೇಕು. ಎರಡೂ ಇರಬಹುದು, ಆದರೆ ಎರಡೂ ಒಂದೇ ಅಲ್ಲ. ಅಜ್ಜ ಮಾಡಿದ್ದು ಕೂರಿಗೆ, ಕುಂಟೆ, ಬಾಗಿಲ ಚೌಕಟ್ಟು, ಬಂಡಿಯ ಗಾಲಿ. ಆ ಬಡಿಗತನ ಈಗ ಹೆಚ್ಚು ಉಳಿದಿಲ್ಲ, ಅಜ್ಜನೇ ಅದನ್ನು ಹೇಳಿಯಾರು. ಇವತ್ತಿನ ಕೆಲಸ ಪ್ಲೈವುಡ್ಡು, ಮಾಡ್ಯುಲರ್ ಕಿಚನ್ನು, ವಾರ್ಡ್‌ರೋಬು, ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರ. ಹುಬ್ಬಳ್ಳಿಯಲ್ಲಿ ಅಂಥ ವರ್ಕ್‌ಶಾಪ್ ನಡೆಸುವವರು ಪರಿಚಯದವರು ಯಾರಾದರೂ ಇದ್ದರೆ ಎರಡು ವಾರ ಕಳಿಸಿ. ಯಂತ್ರ ಮುಟ್ಟುವುದು ಬೇಡ. ಅಳತೆ ಬರೆದುಕೊಳ್ಳಲಿ, ಸಾಮಾನು ಎತ್ತಿಕೊಡಲಿ, ಗಿರಾಕಿ ಜೊತೆ ಮಾಲೀಕ ಮಾತಾಡುವಾಗ ಪಕ್ಕದಲ್ಲಿ ನಿಲ್ಲಲಿ. ಬಾಕಿ ಹಣಕ್ಕೆ ನಾಲ್ಕು ಸಲ ಅಲೆದಾಡಿಸುವ ಗಿರಾಕಿಯನ್ನೂ ನೋಡಲಿ, ಸಂಜೆ ಮೂಗಿನೊಳಗೆಲ್ಲ ಹೊಟ್ಟು ತುಂಬಿಕೊಂಡು ಬರಲಿ. ಅಲ್ಲಿ ಅವನು ಯಾರ ಮೊಮ್ಮಗನೂ ಅಲ್ಲ. ಮರಳಿ ಬಂದು ಮೊದಲು ಏನು ಮಾತಾಡುತ್ತಾನೆ ಎಂಬುದನ್ನು ಸುಮ್ಮನೆ ಕೇಳಿಸಿಕೊಳ್ಳಿ. ಕಷ್ಟದ ಲೆಕ್ಕ ಒಪ್ಪಿಸುತ್ತಾನೋ, ಮೂಲೆಗೆ ಮೂಲೆ ಕೂಡಿಸಿದ ರೀತಿ ವಿವರಿಸುತ್ತಾನೋ?

ಹಾಗೆಯೇ ಒಂದೆರಡು ದಿನ ಒಬ್ಬ ಆರ್ಕಿಟೆಕ್ಟ್ ಕಚೇರಿಯಲ್ಲಿ, ಒಂದು ದಿನ ಪಾಲಿಟೆಕ್ನಿಕ್ ವರ್ಕ್‌ಶಾಪಿನಲ್ಲಿ ಕಳೆಯಲಿ. ಮರದ ಮೇಲಿನ ಪ್ರೀತಿಗೆ ಎಷ್ಟು ಹೊಸ ಹೆಸರುಗಳಿವೆ ಎಂದು ಹಳ್ಳಿಯ ಹುಡುಗನಿಗೆ ಯಾರೂ ಹೇಳಿರುವುದಿಲ್ಲ.

ಓದಿನ ವಿಚಾರದಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸುವುದು ಬೇಡ. 88 ಪರ್ಸೆಂಟ್ ತೆಗೆದದ್ದಕ್ಕಾಗಿ ಈ ಮಾತಲ್ಲ. ಮುಂದೆ ಸ್ವಂತ ಕೆಲಸ ಮಾಡುವವನಿಗೆ ನಕ್ಷೆ ಓದಲು, ಕೊಟೇಶನ್ ಹಾಕಲು, ಬ್ಯಾಂಕಿನವರ ಜೊತೆ ಮಾತಾಡಲು ಓದು ಬೇಕು. ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷದ ಡಿಪ್ಲೊಮಾ ಇದೆ. ಅದು ಮುಗಿದ ಮೇಲೆ ಬೇಕೆನಿಸಿದರೆ ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಗಣಿತ ಇಷ್ಟವಿದ್ದರೆ ಪಿಯುಸಿ ಸೈನ್ಸ್ ಮಾಡಿ ಆರ್ಕಿಟೆಕ್ಚರ್ ಕಡೆ ಹೋಗಬಹುದು. ಪೀಠೋಪಕರಣ ವಿನ್ಯಾಸ ಕಲಿಸುವ ಡಿಸೈನ್ ಪದವಿಗಳಿಗೆ ಪಿಯುಸಿಯಲ್ಲಿ ಸೈನ್ಸೇ ಆಗಬೇಕೆಂದಿಲ್ಲ, ಕಲೆ, ವಾಣಿಜ್ಯದವರೂ ಪ್ರವೇಶ ಪರೀಕ್ಷೆ ಬರೆಯಬಹುದು. ಅಹಮದಾಬಾದಿನಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಇದನ್ನೇ ಕಲಿಸುತ್ತಾರೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರದ ಗುರುತು, ಒಣಗಿಸುವಿಕೆ, ಯಂತ್ರದ ಮರಗೆಲಸ ಇವುಗಳ ತರಬೇತಿ ಅಲ್ಲಿ ಸಿಗುತ್ತದೆ. ಅವನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ, ಸಾಧ್ಯವಾದರೆ ಅಜ್ಜನನ್ನೂ. ಈ ವರ್ಷಗಳಲ್ಲೆಲ್ಲ ಭಾನುವಾರ, ರಜೆಯಲ್ಲಿ ಚಪ್ಪರದ ಕೆಲಸ ನಡೆಯಲಿ. ಅಜ್ಜನಿಗೆ 74 ವರ್ಷ. ಡಿಪ್ಲೊಮಾ ಹತ್ತು ವರ್ಷದ ಮೇಲೂ ಮಾಡಬಹುದು, ಅವರ ಬಳಿ ಕೂತು ಕಲಿಯುವ ಕಾಲ ಅಷ್ಟು ದಿನ ಕಾಯುವುದಿಲ್ಲ. ಆ ತರಾತುರಿ ಹುಡುಗನಿಗೆ ಒಳಗೊಳಗೇ ಗೊತ್ತಿರಬಹುದು. ಅವನ ಹಠದ ಅರ್ಧ ಕಾರಣ ಅದೇ ಇದ್ದೀತು ಎಂದು ನನಗನಿಸುತ್ತದೆ. ಕೇಳಿ ನೋಡಿ.

ಕೊನೆಗೆ, ನೀವು ಕೇಳದೆ ಇದ್ದದ್ದಕ್ಕೂ ಉತ್ತರಿಸುತ್ತೇನೆ. ‘ಮಗಳೂ ಅಜ್ಜನ ಹತ್ತಿರವೇ ಇರುತ್ತಾಳೆ, ಆದರೆ ಅವಳದು ಆಟ’ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನು ಆ ಸಾಲಿನಲ್ಲೇ ನಿಂತೆ. ಲಿಂಡಾ ಗಾಟ್‌ಫ್ರೆಡ್‌ಸನ್ ಎಂಬ ವಿದ್ವಾಂಸೆ 1981ರಲ್ಲಿ ಹೇಳಿದ ಪ್ರಕಾರ ಮಕ್ಕಳು ವೃತ್ತಿಯನ್ನು ಆರಿಸುವುದಕ್ಕಿಂತ ಬಹಳ ಮೊದಲೇ, ತಮಗಲ್ಲ ಎನಿಸಿದ ವೃತ್ತಿಗಳನ್ನು ಮನಸ್ಸಿನ ಪಟ್ಟಿಯಿಂದ ಹೊಡೆದುಹಾಕಲು ಶುರು ಮಾಡುತ್ತಾರೆ. ಆರರಿಂದ ಎಂಟನೇ ವಯಸ್ಸಿನೊಳಗೆ ‘ಇದು ಗಂಡುಮಕ್ಕಳದು, ಇದು ಹೆಣ್ಣುಮಕ್ಕಳದು’ ಎಂದು ಅರ್ಧ ಪಟ್ಟಿ ಹೋಗುತ್ತದೆ. ಒಂಬತ್ತರಿಂದ ಹದಿಮೂರರೊಳಗೆ ‘ಇದಕ್ಕೆ ಮರ್ಯಾದೆ ಇಲ್ಲ’ ಎಂದು ಇನ್ನಷ್ಟು ಹೋಗುತ್ತದೆ. ತನಗೆ ನಿಜವಾಗಿ ಏನು ಹಿಡಿಸುತ್ತದೆ ಎಂದು ಮಗು ಕೇಳಿಕೊಳ್ಳುವುದು ಹದಿನಾಲ್ಕು ದಾಟಿದ ಮೇಲೆ, ಅಷ್ಟರಲ್ಲಿ ಉಳಿದಿರುವ ಪಟ್ಟಿಯೊಳಗೆ. ನಿಮ್ಮ ಮಗನ ಪಟ್ಟಿಯಲ್ಲಿ ಬಡಿಗತನ ಉಳಿಯಿತೆಂದರೆ, ಅಜ್ಜನನ್ನು ಊರು ಮರ್ಯಾದೆಯಿಂದ ಮಾತಾಡಿಸುವುದನ್ನು ಅವನು ನೋಡಿದ್ದಾನೆ. ಮಗಳೂ ಅದನ್ನೇ ನೋಡುತ್ತಿದ್ದಾಳೆ. ಅವಳಿಗೆ ಈಗ ಹನ್ನೆರಡು ಹದಿಮೂರು. ಅದೇ ಚಪ್ಪರದಲ್ಲಿ ಅಣ್ಣ ಮಾಡಿದ್ದನ್ನು ಕೆಲಸವೆಂದೂ ತಾನು ಮಾಡಿದ್ದನ್ನು ಆಟವೆಂದೂ ಅಪ್ಪ ಕರೆಯುವುದು ಅವಳ ಕಿವಿಗೆ ಬೀಳುವ ವಯಸ್ಸು ಇದು.

ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ 495 ಹಳ್ಳಿಗಳಲ್ಲಿ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಮೀಸಲಾತಿಯಿಂದ ಎರಡು ಅವಧಿ ಮಹಿಳೆಯೇ ಪಂಚಾಯತಿ ಪ್ರಧಾನರಾಗಿದ್ದ ಕಡೆ, ಗಂಡು ಹೆಣ್ಣುಮಕ್ಕಳ ಬಗ್ಗೆ ತಂದೆತಾಯಿ ಇಟ್ಟುಕೊಂಡ ಆಸೆಗಳ ನಡುವಿನ ಅಂತರ ಶೇ. 25ರಷ್ಟು, ಮಕ್ಕಳು ತಮ್ಮ ಬಗ್ಗೆ ಇಟ್ಟುಕೊಂಡ ಆಸೆಗಳ ಅಂತರ ಶೇ. 32ರಷ್ಟು ಕಡಿಮೆಯಾಗಿತ್ತು. ಒಬ್ಬ ಹೆಣ್ಣುಮಗಳು ಆ ಕುರ್ಚಿಯಲ್ಲಿ ಕೂತದ್ದನ್ನು ಕಂಡದ್ದರಿಂದಲೇ ಅಷ್ಟಾಯಿತು.

ನೀವು ಈ ವಾರ ಚಪ್ಪರಕ್ಕೆ ಹೋಗಿ, ಮಗನ ಬದಲು ಅವಳ ಪಕ್ಕ ಕುಳಿತು, ಏನು ಮಾಡುತ್ತಿದ್ದೀಯವ್ವಾ ಎಂದು ಕೇಳಿ. ಅವಳು ತೋರಿಸಿದ್ದನ್ನು ಕೈಗೆ ತೆಗೆದುಕೊಂಡು ಅಂಚಿನ ಮೇಲೆ ನಿಮ್ಮ ಹೆಬ್ಬೆರಳು ಆಡಿಸಿ ನೋಡಿ. ಮುಂದಿನ ಪತ್ರದಲ್ಲಿ ಅವಳು ಮಾಡಿದ್ದು ಏನು ಎಂದು ನನಗೂ ಬರೆಯಿರಿ.